ಸತ್ಯಾಂಶ: ಹಳೇ ಎಂಜಿನ್ ಆಯಿಲ್ ನಾಯಿಯ ತುರಿಕೆಗೆ ಮದ್ದಲ್ಲ
ಕಾರವಾರದ ಕಡೆ ಬೋಟ್ ಎಂಜಿನ್ನಿನ ಸುಟ್ಟ ಆಯಿಲ್ ಸುಲಭವಾಗಿ ಸಿಗುತ್ತದೆ. ಅದನ್ನು ಹಚ್ಚಿದರೆ ನಾಯಿಯ ತುರಿಕೆ ಹೋಗುತ್ತದೆ ಎಂಬ ಮೆಸೇಜ್ ಆಗಾಗ ಬರುತ್ತದೆ. ಕಳಿಸುವವರದ್ದು ಒಳ್ಳೆ ಮನಸ್ಸೇ. ಆದರೆ ಹಚ್ಚಬೇಡಿ. ನಾಯಿ ಮೈ ನೆಕ್ಕುತ್ತದೆ ಅಲ್ವಾ? ವಿಷ ನೇರ ಹೊಟ್ಟೆಗೆ ಹೋಗುತ್ತದೆ. ಚರ್ಮವೂ ಉರಿಯುತ್ತದೆ.

ತುರಿಕೆಗೆ ಕಾರಣ ಒಂದೇ ಅಲ್ಲ: ಚಿಗಟ, ಕಜ್ಜಿ ಹುಳ, ಫಂಗಸ್, ಅಲರ್ಜಿ. ಚಿಗಟ ಇದೆಯಾ ಎಂದು ಮನೆಯಲ್ಲೇ ನೋಡಬಹುದು. ಬಾಚಿದಾಗ ಉದುರುವ ಕಪ್ಪು ಪುಡಿಯನ್ನು ಒದ್ದೆ ಬಿಳಿ ಬಟ್ಟೆಗೆ ಒತ್ತಿ. ಕೆಂಪಗೆ ಹರಡಿದರೆ ಅದು ರಕ್ತ ಕುಡಿದ ಚಿಗಟದ ಹಿಕ್ಕೆ. ಕಜ್ಜಿ ಹುಳಕ್ಕೆ ಮಾತ್ರ ಪಶುವೈದ್ಯರು ಚರ್ಮ ಕೆರೆದು ಮೈಕ್ರೋಸ್ಕೋಪಿನಲ್ಲೇ ನೋಡಬೇಕು.

ಇಂಥ ಮೆಸೇಜ್‌ನಲ್ಲಿ ಯಾವ ಕಾಯಿಲೆಗೆ, ಎಷ್ಟು, ನೆಕ್ಕಿದರೇನು ಎಂದು ಬರೆದಿದೆಯಾ ನೋಡಿ. ಇಲ್ಲದಿದ್ದರೆ ಅದನ್ನೇ ಪಶು ಆಸ್ಪತ್ರೆಯಲ್ಲಿ ತೋರಿಸಿ ಕೇಳಿ. ಈಗಾಗಲೇ ಹಚ್ಚಿದ್ದರೆ ನೆಕ್ಕಲು ಬಿಡದೆ ಕೂಡಲೇ ವೈದ್ಯರಿಗೆ ಫೋನ್ ಮಾಡಿ.