ಕಪ್ ವಿನ್ನರ್ಸ್ ಕಪ್ ಮುಚ್ಚಿದ್ದು ತಪ್ಪು

2025ರ ಮೇ ತಿಂಗಳಲ್ಲಿ ಲಂಡನ್ನಿನ ಫುಟ್‌ಬಾಲ್ ತಂಡ ಕ್ರಿಸ್ಟಲ್ ಪ್ಯಾಲೇಸ್ ಮ್ಯಾಂಚೆಸ್ಟರ್ ಸಿಟಿಯನ್ನು 1-0ಯಿಂದ ಸೋಲಿಸಿ ಇಂಗ್ಲೆಂಡಿನ ನಾಕೌಟ್ ಟೂರ್ನಿಯಾದ ಎಫ್‌ಎ ಕಪ್ ಗೆದ್ದಿತು. ಆ ಕ್ಲಬ್ಬಿನ ಇತಿಹಾಸದಲ್ಲೇ ಮೊದಲ ದೊಡ್ಡ ಟ್ರೋಫಿ. ಅದಕ್ಕೆ ಯುರೋಪಿನ ಕ್ಲಬ್ಬುಗಳ ಎರಡನೇ ದರ್ಜೆಯ ಟೂರ್ನಿಯಾದ ಯುರೋಪಾ ಲೀಗಿನಲ್ಲಿ ಜಾಗ ಸಿಗಬೇಕಿತ್ತು. ಆದರೆ ಪಾಲುದಾರರೊಬ್ಬರಿಗೆ ಅದೇ ಟೂರ್ನಿಗೆ ಬಂದಿದ್ದ ಫ್ರಾನ್ಸಿನ ಲಿಯೋನ್ ಕ್ಲಬ್ಬಿನಲ್ಲೂ ಪಾಲಿದೆ ಅಂತ ಕಾನೂನು ತೆಗೆದು ತಂಡವನ್ನು ಒಂದು ಮೆಟ್ಟಿಲು ಕೆಳಗೆ, ಕಾನ್ಫರೆನ್ಸ್ ಲೀಗಿಗೆ ತಳ್ಳಿದರು. ಯುರೋಪಾ ಲೀಗಿನ ಜಾಗ ಹೋಗಿದ್ದು ಪ್ರೀಮಿಯರ್ ಲೀಗಿನಲ್ಲಿ ಏಳನೇ ಸ್ಥಾನಕ್ಕೆ ಬಂದಿದ್ದ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೆ. ಕಾನೂನು ಸರಿಯೋ ತಪ್ಪೋ ವಕೀಲರು ನೋಡಿಕೊಳ್ಳಲಿ. ಕಪ್ ಗೆದ್ದವರಿಗೆ ಅಂತಲೇ ಯುರೋಪಿನಲ್ಲಿ ಒಂದು ಟೂರ್ನಿ ಇತ್ತು, ಈಗಿನ ಹುಡುಗರಲ್ಲಿ ಬಹಳ ಮಂದಿಗೆ ಅದರ ಹೆಸರೂ ಗೊತ್ತಿಲ್ಲ ಅನ್ನುವುದು ನನ್ನ ಸಂಕಟ.

ಯುರೋಪಿಯನ್ ಕಪ್ ವಿನ್ನರ್ಸ್ ಕಪ್. 1960-61ರಲ್ಲಿ ಶುರುವಾಗಿದ್ದು, ಮೊದಲ ವರ್ಷ ಬರೀ ಹತ್ತು ತಂಡ. ಫ್ಲಾರೆನ್ಸಿನ ಫಿಯೊರೆಂಟಿನಾ ಗೆದ್ದಿತು. 1999ರಲ್ಲಿ ಬಾಗಿಲು ಹಾಕಿದರು. ನಿಯಮ ಇಷ್ಟೇ: ನಿಮ್ಮ ದೇಶದ ನಾಕೌಟ್ ಕಪ್ ಗೆದ್ದು ಬನ್ನಿ. ಲೀಗಿನಲ್ಲಿ ನೀವು ಹನ್ನೆರಡನೆಯವರೋ, ಎರಡನೇ ಡಿವಿಜನ್‌ನವರೋ ಯಾರೂ ಕೇಳುತ್ತಿರಲಿಲ್ಲ. 1980ರಲ್ಲಿ ಎಫ್‌ಎ ಕಪ್ ಗೆದ್ದಾಗ ವೆಸ್ಟ್ ಹ್ಯಾಮ್ ಎರಡನೇ ಡಿವಿಜನ್‌ನಲ್ಲೇ ಇತ್ತು. ಮರುವರ್ಷ ಯುರೋಪಿಗೆ ಹೋಗಿ, ಜಾರ್ಜಿಯಾದ ಡೈನಮೊ ಟಿಬಿಲಿಸಿ ಕೈಯಲ್ಲಿ ತನ್ನದೇ ಅಂಗಳದಲ್ಲಿ 4-1ರಿಂದ ಒದೆ ತಿಂದಿತು. ಲಂಡನ್ನಿನ ಪ್ರೇಕ್ಷಕರು ಎದುರಾಳಿಗಳ ಆಟಕ್ಕೆ ಚಪ್ಪಾಳೆ ಹೊಡೆದರು. ಆ ವರ್ಷದ ಕಪ್ಪೂ ಟಿಬಿಲಿಸಿಗೇ ಹೋಯಿತು.

ನನಗೆ ತುಂಬಾ ಇಷ್ಟವಾದದ್ದು 1974ರ ಕತೆ. ಮೇ 8, ರಾಟರ್‌ಡ್ಯಾಮ್. ಒಂದು ಕಡೆ ಇಟಲಿಯ ಎಸಿ ಮಿಲಾನ್, ಹಿಂದಿನ ವರ್ಷ ಇದೇ ಕಪ್ ಗೆದ್ದವರು, ತಂಡದಲ್ಲಿ ಜಾನಿ ರಿವೇರಾ. ಇನ್ನೊಂದು ಕಡೆ ಪೂರ್ವ ಜರ್ಮನಿಯ ಮ್ಯಾಗ್ಡೆಬರ್ಗ್, ತಂಡದ ಹುಡುಗರೆಲ್ಲ ಅದೇ ಊರು, ಅದೇ ಜಿಲ್ಲೆಯವರು. ಅಷ್ಟು ದೊಡ್ಡ ಸ್ಟೇಡಿಯಂನಲ್ಲಿ ಸುಮಾರು 5,000 ಜನ. ಗಡಿ ದಾಟಲು ಪೂರ್ವ ಜರ್ಮನಿಯ ಜನಸಾಮಾನ್ಯರಿಗೆ ಎಲ್ಲಿಯ ಅನುಮತಿ? ಸರ್ಕಾರ ಆರಿಸಿ ಕಳಿಸಿದ ಕೆಲವರಷ್ಟೇ ಬಂದಿದ್ದರು. ಮಿಲಾನಿನ ಲಾಂಝಿ ತನ್ನದೇ ಗೋಲಿಗೆ ಚೆಂಡು ಹೊಡೆದ, ಆಮೇಲೆ ಸೆಗ್ವಿನ್ ಇನ್ನೊಂದು ಸೇರಿಸಿದ, 2-0. ಗೆದ್ದ ಹುಡುಗರು ಬಿಳಿ ಸ್ನಾನದ ನಿಲುವಂಗಿ ತೊಟ್ಟು ಕಪ್ ಹಿಡಿದುಕೊಂಡು ಮೈದಾನ ಸುತ್ತಿದರು. ಆ ಫೋಟೊ ನೋಡಿದರೆ ಯಾವುದೋ ಆಸ್ಪತ್ರೆಯ ವಾರ್ಡಿನಿಂದ ಎದ್ದು ಬಂದವರ ಹಾಗೆ ಕಾಣುತ್ತಾರೆ! ಪೂರ್ವ ಜರ್ಮನಿಯ ಕ್ಲಬ್ಬೊಂದು ಗೆದ್ದ ಏಕೈಕ ಯುರೋಪಿಯನ್ ಟ್ರೋಫಿ ಅದು. ಆರು ವಾರ ಕಳೆದ ಮೇಲೆ ಅದೇ ತಂಡದ ಸ್ಪಾರ್‌ವಾಸರ್ ವಿಶ್ವಕಪ್‌ನಲ್ಲಿ ಪಶ್ಚಿಮ ಜರ್ಮನಿ ವಿರುದ್ಧ ಗೋಲು ಹೊಡೆದು ಜಗತ್ತಿಗೆಲ್ಲ ಗೊತ್ತಾದ.

ಇವರ ಕೋಚ್ ಹೈನ್ಸ್ ಕ್ರೂಗೆಲ್ ಬಗ್ಗೆ ಒಂದು ಮಾತು ಹೇಳದಿದ್ದರೆ ಮನಸ್ಸಿಗೆ ಸಮಾಧಾನ ಇಲ್ಲ. ಮುಂದಿನ ಸೀಸನ್ನಿನಲ್ಲಿ ಪಶ್ಚಿಮ ಜರ್ಮನಿಯ ಬಯರ್ನ್ ಮ್ಯೂನಿಕ್ ಇವರ ಊರಿಗೆ ಆಡಲು ಬಂದಾಗ ಗುಪ್ತ ಪೊಲೀಸರು ಬಯರ್ನ್‌ನ ಡ್ರೆಸಿಂಗ್ ರೂಮಿನಲ್ಲಿ ಕದ್ದು ಕೇಳುವ ಯಂತ್ರ ಇಟ್ಟಿದ್ದರು. ಅದರಿಂದ ಬಂದ ಸುದ್ದಿ ತನಗೆ ಬೇಡ ಅಂದುಬಿಟ್ಟ ಕ್ರೂಗೆಲ್. ಪಂದ್ಯ ಸೋತರು. 1976ರಲ್ಲಿ ಅವನನ್ನು ಕೋಚ್ ಕೆಲಸದಿಂದಲೇ ತೆಗೆದುಹಾಕಿದರು.

ಟೂರ್ನಿ ಹೊಗಳುವ ಭರದಲ್ಲಿ ಅದರ ಹುಳುಕು ಮುಚ್ಚಿಡಲಾರೆ. ಅಂತರ ಜಾಸ್ತಿ ಇತ್ತು, ಒಪ್ಪಿದೆ. ಪೋರ್ಚುಗಲ್ಲಿನ ಸ್ಪೋರ್ಟಿಂಗ್ ಸೈಪ್ರಸ್ಸಿನ ಅಪೊಯೆಲ್ ಮೇಲೆ 16-1ರಿಂದ ಗೆದ್ದಿದ್ದು ಇಲ್ಲೇ. 1971ರಲ್ಲಿ ಲಂಡನ್ನಿನ ಚೆಲ್ಸಿಗೆ ಎದುರಾದದ್ದು ಲಕ್ಸೆಂಬರ್ಗಿನ ಒಂದು ಹಳ್ಳಿಯ ತಂಡ, ಜೂನೆಸ್ ಹೌಷರಾಜ್. ಅವರ ಅಂಗಳದಲ್ಲಿ 8-0, ಚೆಲ್ಸಿ ಅಂಗಳದಲ್ಲಿ 13-0, ಒಟ್ಟು 21-0. ಇದನ್ನು ಪಂದ್ಯ ಅಂತ ಯಾರು ಕರೆದಾರು? ಆದರೆ ಮುಂದಿನ ಸುತ್ತು ನೋಡಿ. ಅದೇ ಚೆಲ್ಸಿ ಸ್ವೀಡನ್ನಿನ ಪುಟ್ಟ ಊರಿನ ಓಟ್ವಿಡಾಬೆರಿ ತಂಡದ ಜತೆ 0-0, 1-1 ಮಾಡಿಕೊಂಡು, ಎದುರಾಳಿ ಅಂಗಳದ ಗೋಲಿನ ಲೆಕ್ಕದಲ್ಲಿ (ಒಟ್ಟು ಗೋಲು ಸಮವಾದರೆ ಎದುರಾಳಿಯ ಅಂಗಳದಲ್ಲಿ ಹೆಚ್ಚು ಹೊಡೆದವರಿಗೆ ಗೆಲುವು) ಮನೆಗೆ ಹೋಯಿತು. 21 ಗೋಲು ಹೊಡೆದವರ ಅಹಂಕಾರ ಇಳಿಯಲು ಎರಡು ಪಂದ್ಯ ಸಾಕಾಯಿತು. ಗುಂಪು, ಪಾಯಿಂಟ್ ಪಟ್ಟಿ ಇದ್ದಿದ್ದರೆ ಚೆಲ್ಸಿ ಹೇಗೋ ತೂರಿಕೊಂಡು ಮುಂದೆ ಹೋಗುತ್ತಿತ್ತು.

ರೆಕ್ಸ್‌ಹ್ಯಾಮ್ ಗೊತ್ತಲ್ಲ, ಹಾಲಿವುಡ್ ನಟರು ಕೊಂಡ ಕ್ಲಬ್ಬು. 1984ರಲ್ಲಿ ಅದು ಇಂಗ್ಲೆಂಡಿನ ನಾಲ್ಕನೇ ಡಿವಿಜನ್‌ನಲ್ಲಿತ್ತು. ವೇಲ್ಸ್ ಕಪ್ ಮೂಲಕ ಇಲ್ಲಿಗೆ ಬಂದು, ಹಿಂದಿನ ಸೀಸನ್ನಿನಲ್ಲಿ ಇದೇ ಕಪ್ಪಿನ ಫೈನಲ್ ಆಡಿದ್ದ ಪೋರ್ಚುಗಲ್ಲಿನ ಪೋರ್ಟೊವನ್ನು ಹೊರಗೆ ಹಾಕಿತು. ಮನೆಯಲ್ಲಿ 1-0 ಗೆದ್ದು, ಅಲ್ಲಿ 4-3 ಸೋತು, ಎದುರಾಳಿ ಅಂಗಳದ ಗೋಲಿನಿಂದ ಪಾರು. ನಾಲ್ಕನೇ ಡಿವಿಜನ್!

ಇನ್ನೊಂದು ವಿಚಿತ್ರ: ಆ 39 ವರ್ಷಗಳಲ್ಲಿ ಯಾರೂ ಸತತ ಎರಡು ಸಲ ಈ ಕಪ್ ಗೆಲ್ಲಲಿಲ್ಲ. ಹಾಲಿ ಚಾಂಪಿಯನ್ನರು ಎಂಟು ಸಲ ಫೈನಲ್ ತಲುಪಿ ಎಂಟು ಸಲವೂ ಸೋತರು. 1995ರಲ್ಲಿ ಲಂಡನ್ನಿನ ಆರ್ಸೆನಲ್ ಸರದಿ. ಪ್ಯಾರಿಸ್‌ನಲ್ಲಿ 1-1, ಹೆಚ್ಚುವರಿ ಸಮಯದ ಕೊನೆಯ ಕ್ಷಣ, ಎಲ್ಲರ ತಲೆಯಲ್ಲೂ ಪೆನಾಲ್ಟಿ ಲೆಕ್ಕ. ಎದುರಾಳಿ ಸ್ಪೇನಿನ ಝರಗೋಝದ ನಯೀಮ್ ಬಲ ಅಂಚಿನಲ್ಲಿ, ಸುಮಾರು 40 ಮೀಟರ್ ದೂರದಿಂದ ಚೆಂಡನ್ನು ಆಕಾಶಕ್ಕೆ ಎತ್ತಿದ. ಗೋಲ್‌ಕೀಪರ್ ಸೀಮನ್ ಮುಂದೆ ಬಂದು ನಿಂತಿದ್ದವನು ಹಿಂದಕ್ಕೆ ಓಡಿ ಓಡಿ, ಕೈ ತಾಗಿಸಿ, ಚೆಂಡಿನ ಜತೆಗೇ ಬಲೆಯೊಳಗೆ ಬಿದ್ದ. ನಯೀಮ್ ಹಿಂದೆ ಆಡಿದ್ದು ಆರ್ಸೆನಲ್‌ನ ಬದ್ಧವೈರಿ ಟಾಟನ್‌ಹ್ಯಾಮ್‌ಗೆ. ಅವರು ಸುಮ್ಮನಿರುತ್ತಾರೆಯೇ? ಅದನ್ನೇ ಹಾಡು ಕಟ್ಟಿ ಹಾಡಿದರು.

ಇಂಥದ್ದನ್ನು ಯಾಕೆ ಮುಚ್ಚಿದರು? ಜನ ನೋಡುತ್ತಿರಲಿಲ್ಲ ಅನ್ನುವುದು ಅರ್ಧ ಸತ್ಯ. 1997ರಿಂದ ದೊಡ್ಡ ದೇಶಗಳ ಲೀಗಿನಲ್ಲಿ ಎರಡನೇ ಸ್ಥಾನಕ್ಕೆ ಬಂದವರನ್ನೂ ಲೀಗ್ ಗೆದ್ದವರ ಟೂರ್ನಿಯಾಗಿದ್ದ ಚಾಂಪಿಯನ್ಸ್ ಲೀಗಿಗೆ ಸೇರಿಸಿಕೊಂಡರು. ಆ ವರ್ಷ ಕಪ್ ವಿನ್ನರ್ಸ್ ಕಪ್ ಗೆದ್ದಿದ್ದ ಬಾರ್ಸಿಲೋನ ಅದನ್ನು ಉಳಿಸಿಕೊಳ್ಳಲು ಬರಲೇ ಇಲ್ಲ, ಸ್ಪೇನಿನ ಎರಡನೇ ಸ್ಥಾನದ ಟಿಕೆಟ್ ಹಿಡಿದು ಆ ಕಡೆ ಹೋಯಿತು. 1998ರಲ್ಲಿ ದೊಡ್ಡ ಕ್ಲಬ್ಬುಗಳು ಸಿಡಿದು ಬೇರೆ ಲೀಗ್ ಮಾಡುವ ಮಾತು ತೆಗೆದವು. ಯುರೋಪಿನ ಫುಟ್‌ಬಾಲ್ ಆಡಳಿತ ಸಂಸ್ಥೆ ಯುಇಎಫ್‌ಎ ಹೆದರಿ ಚಾಂಪಿಯನ್ಸ್ ಲೀಗನ್ನು 32 ತಂಡಗಳಿಗೆ ಹಿಗ್ಗಿಸಿ, ಇದನ್ನು ಯುಇಎಫ್‌ಎ ಕಪ್ಪಿನೊಳಗೆ (ಈಗಿನ ಯುರೋಪಾ ಲೀಗ್) ಕರಗಿಸಿತು. ಹಾಲು ಕರೆದುಕೊಂಡು ಹಸುವಿಗೆ ಮೇವು ನಿಲ್ಲಿಸಿ, ಆಮೇಲೆ ಹಸು ಬಡಕಲಾಗಿದೆ ಅಂತ ಕಟುಕನಿಗೆ ಕೊಟ್ಟ ಹಾಗೆ.

1999ರ ಆ ಕೊನೆಯ ಮೇ ತಿಂಗಳು ನೋಡಿ. 19ರಂದು ಬರ್ಮಿಂಗ್‌ಹ್ಯಾಮ್‌ನ ವಿಲ್ಲಾ ಪಾರ್ಕ್‌ನಲ್ಲಿ ಕಟ್ಟಕಡೆಯ ಫೈನಲ್, ಲಾಝಿಯೊ ಮತ್ತು ಮಯೋರ್ಕ. ಮಯೋರ್ಕ ಸ್ಪೇನಿನ ಕಪ್ ಗೆದ್ದಿರಲಿಲ್ಲ, ಗೆದ್ದ ಬಾರ್ಸಿಲೋನ ಲೀಗನ್ನೂ ಗೆದ್ದಿದ್ದರಿಂದ ರನ್ನರ್ ಅಪ್ ಆಗಿ ಬಂದಿತ್ತು. ಇದನ್ನು ಹಿಡಿದು ಆಡಿಕೊಳ್ಳುವವರಿಗೆ ಒಂದು ಪ್ರಶ್ನೆ. ಒಂದು ವಾರ ಬಿಟ್ಟು, 26ರಂದು, ಚಾಂಪಿಯನ್ಸ್ ಲೀಗ್ ಫೈನಲ್ ಆಡಿದ ಮ್ಯಾಂಚೆಸ್ಟರ್ ಯುನೈಟೆಡ್ ಮತ್ತು ಬಯರ್ನ್ ಯಾವ ದೇಶದ ಚಾಂಪಿಯನ್ನರಾಗಿ ಬಂದಿದ್ದರು? ಎರಡೂ ತಂಡಗಳು ಹಿಂದಿನ ವರ್ಷ ತಂತಮ್ಮ ಲೀಗಿನಲ್ಲಿ ಎರಡನೇ ಸ್ಥಾನದವು.

ವಿಲ್ಲಾ ಪಾರ್ಕ್‌ನಲ್ಲಿ ನೆಡ್ವೆಡ್ ಹೊಡೆದ ಗೋಲಿನಿಂದ ಲಾಝಿಯೊ 2-1ರಿಂದ ಗೆದ್ದಿತು. ಕೊನೆಯ ಕಪ್ ವಿನ್ನರ್ಸ್ ಕಪ್ ಎತ್ತಿದ ಲಾಝಿಯೊ ಕೂಡ ಮುಂದಿನ ಸೀಸನ್ನಿಗೆ ಹೋಗಿದ್ದು ಚಾಂಪಿಯನ್ಸ್ ಲೀಗಿಗೇ, ಇಟಲಿಯ ಲೀಗಿನಲ್ಲಿ ಒಂದೇ ಪಾಯಿಂಟಿನಿಂದ ಎರಡನೇ ಸ್ಥಾನಕ್ಕೆ ಬಂದದ್ದಕ್ಕೆ.