ಒಗ್ಗರಣೆ ನಿಂತಿತು, ಮಾತ್ರೆ ನಿಲ್ಲಲಿಲ್ಲ

ಹೊಸ ಮಾತ್ರೆ ಶುರುವಾಗಿ ಎರಡು ಮೂರು ವಾರ ಆಗಿರುತ್ತೆ. ಜ್ವರ ಬರುತ್ತೆ. ಕಣ್ಣು ಕೆಂಪಾಗಿ ಉರಿಯುತ್ತೆ, ಬಾಯಿ ತುಂಬ ಹುಣ್ಣು, ಎದೆ ಬೆನ್ನಿನ ಮೇಲೆ ಕೆಂಪು ಮಚ್ಚೆ. ಇದು ಮಾತ್ರೆ ಮೈಗೆ ಆಗದೆ ಚರ್ಮ ಕಿತ್ತುಬರುವ ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್ ಅನ್ನುವ ಕಾಯಿಲೆ ಆಗಿರಬಹುದು. ಇಂಥ ಹೊತ್ತಲ್ಲಿ ದಯವಿಟ್ಟು "ಅಮ್ಮ ಬಂದಿದ್ದಾಳೆ" ಅಂತ ಬೇವಿನ ಸೊಪ್ಪು ಹಾಸಿ ಮಲಗಿಸಬೇಡಿ. ಮುಂದಿನ ಮಾತ್ರೆ ನುಂಗಿಸುವ ಮೊದಲೇ ಚರ್ಮದ ಡಾಕ್ಟರ್ ಇರುವ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ನಮ್ಮ ಚಿಕ್ಕಮ್ಮನ ಮಗಳಿಗೆ ಹೀಗೇ ಆಯಿತು. ಫಿಟ್ಸ್‌ಗೆ ಅಂತ ಹೊಸ ಮಾತ್ರೆ ಕೊಟ್ಟಿದ್ದರು. ಗುಳ್ಳೆ ಎದ್ದ ಕೂಡಲೇ ಮನೆಯಲ್ಲಿ ಮಡಿ ಶುರುವಾಯಿತು. ಒಗ್ಗರಣೆ ನಿಂತಿತು. ಮಾತ್ರೆ ಮಾತ್ರ ನಿಲ್ಲಲಿಲ್ಲ, ಬಿಟ್ಟರೆ ಎಲ್ಲಿ ಫಿಟ್ಸ್ ಬರುತ್ತೋ ಅನ್ನುವ ಭಯ. ಆಸ್ಪತ್ರೆ ಸೇರುವಷ್ಟರಲ್ಲಿ ತೋಳು ಹಿಡಿದು ಎತ್ತಿದರೆ ಚರ್ಮ ಕೈಗೇ ಬರುತ್ತಿತ್ತು. ಹಾಸಿದ ಬೆಡ್‌ಶೀಟ್ ಬೆನ್ನಿಗೆ ಅಂಟಿಕೊಂಡಿತ್ತು. ಸಿಸ್ಟರ್ ಒಬ್ಬರು ಅದನ್ನು ಸಲೈನ್ ನೀರಿನಲ್ಲಿ ನೆನೆಸಿ ನೆನೆಸಿ ಬಿಡಿಸಿದರು. ಆಮೇಲೆ ಹಬೆಯಲ್ಲಿ ಶುದ್ಧ ಮಾಡಿದ ಬಾಳೆ ಎಲೆ ತಂದು ಹಾಸಿದರು. ಬಾಳೆ ಎಲೆ ಗಾಯಕ್ಕೆ ಅಂಟೋದಿಲ್ಲ, ತೆಗೆಯುವಾಗ ನೋವೂ ಕಡಿಮೆ. ಸುಟ್ಟ ಗಾಯಕ್ಕೂ ನಮ್ಮ ದೇಶದ ಹಲವು ಆಸ್ಪತ್ರೆಗಳಲ್ಲಿ ಇದನ್ನು ಬಳಸುತ್ತಾರೆ.

ಆ ಗಡಿಬಿಡಿಯಲ್ಲಿ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ: "ಯಾವ ಮಾತ್ರೆ ಕೊಡ್ತಾ ಇದ್ರಿ ಅಮ್ಮಾ?"

ಚಿಕ್ಕಮ್ಮ ಅಂದರು: "ಫಿಟ್ಸ್ ಮಾತ್ರೆ ಸಾರ್. ದುಂಡಗೆ, ಬೆಳ್ಳಗೆ ಇರುತ್ತೆ."

ಚೀಟಿ ಊರಲ್ಲಿ ಉಳಿದಿತ್ತು. ಕೈಯಲ್ಲಿದ್ದದ್ದು ಸ್ಟ್ರಿಪ್ ಕತ್ತರಿಸಿ ಹಾಕಿಕೊಟ್ಟ ಸಣ್ಣ ಪೇಪರ್ ಕವರ್. ಅದರ ಮೇಲೆ ಪೆನ್ನಿನಲ್ಲಿ 1-0-1 ಅಂತ ಬರೆದಿತ್ತು, ಅಷ್ಟೇ. ನನಗೆ ಇವತ್ತಿಗೂ ಸಿಟ್ಟು ಬರೋದು ಆ ಕವರ್ ನೆನೆದರೆ. ಈ ಕಾಯಿಲೆಯಲ್ಲಿ ಮೊದಲ ಚಿಕಿತ್ಸೆಯೇ ಅದಕ್ಕೆ ಕಾರಣವಾದ ಔಷಧಿ ನಿಲ್ಲಿಸೋದು. ಹೆಸರೇ ಗೊತ್ತಿಲ್ಲದಿದ್ದರೆ ಏನನ್ನು ನಿಲ್ಲಿಸೋದು?

ಸ್ಟೀವನ್ಸ್-ಜಾನ್ಸನ್ ಅನ್ನುವ ಹೆಸರು ಬಂದದ್ದು ಹೀಗೆ. 1922ರಲ್ಲಿ ಅಮೆರಿಕದ ಇಬ್ಬರು ಮಕ್ಕಳ ಡಾಕ್ಟರುಗಳು ಇಬ್ಬರು ಹುಡುಗರಲ್ಲಿ ಇದನ್ನು ಕಂಡು ಬರೆದರು, ಅವರ ಹೆಸರೇ ಉಳಿಯಿತು. ಮೈಯ ಚರ್ಮದಲ್ಲಿ ಶೇ. 10ಕ್ಕಿಂತ ಕಡಿಮೆ ಕಿತ್ತುಬಂದರೆ ಈ ಹೆಸರು. ಶೇ. 30 ದಾಟಿದರೆ ಟೆನ್ (ಟಾಕ್ಸಿಕ್ ಎಪಿಡರ್ಮಲ್ ನೆಕ್ರೋಲಿಸಿಸ್, ಇದೇ ಕಾಯಿಲೆಯ ತೀವ್ರ ರೂಪ) ಅನ್ನುತ್ತಾರೆ, ಅದರಲ್ಲಿ ಸುಮಾರು ಮೂವರಲ್ಲಿ ಒಬ್ಬರು ಉಳಿಯೋದಿಲ್ಲ. ಫಿಟ್ಸ್‌ಗೆ ಕೊಡುವ ಕಾರ್ಬಮಾಜೆಪಿನ್, ಫೆನಿಟಾಯಿನ್, ಲ್ಯಾಮೊಟ್ರಿಜಿನ್, ಯೂರಿಕ್ ಆಸಿಡ್‌ಗೆ ಕೊಡುವ ಅಲೋಪ್ಯೂರಿನಾಲ್, ಸಲ್ಫಾ ಆ್ಯಂಟಿಬಯಾಟಿಕ್, ಕೆಲವು ನೋವಿನ ಮಾತ್ರೆಗಳು ಇದಕ್ಕೆ ಕಾರಣ ಆಗಬಹುದು. ಮಕ್ಕಳಲ್ಲಿ ಮಾತ್ರೆಯೇ ಇಲ್ಲದೆ, ಮೈಕೋಪ್ಲಾಸ್ಮಾ ಅನ್ನುವ ಶ್ವಾಸಕೋಶದ ಸೋಂಕಿನಿಂದಲೂ ಬಾಯಿ, ಕಣ್ಣು, ಚರ್ಮಕ್ಕೆ ಹೀಗೆ ಆಗೋದುಂಟು.

ಇದು ತೀರಾ ಅಪರೂಪ. ಇವೆಲ್ಲ ಕೆಟ್ಟ ಮಾತ್ರೆಗಳೂ ಅಲ್ಲ, ಲಕ್ಷಾಂತರ ಜನ ಇವುಗಳಿಂದಲೇ ನೆಮ್ಮದಿಯಾಗಿದ್ದಾರೆ. ಈ ಪೋಸ್ಟ್ ಓದಿ ಯಾರೂ ಸುಮ್ನೆ ಹೆದರಿ ಫಿಟ್ಸ್ ಮಾತ್ರೆ ಬಿಡಬೇಡಿ.

ಡಾಕ್ಟರುಗಳ ಮನೆಯವರಿಗೂ ಇದು ತಪ್ಪಿದ್ದಲ್ಲ. ಅಮೆರಿಕದಲ್ಲಿದ್ದ ಅನುರಾಧಾ ಸಹಾ 1998ರಲ್ಲಿ ಕೋಲ್ಕತ್ತಾಗೆ ಬಂದಾಗ ಮೈಮೇಲೆ ಗುಳ್ಳೆ ಎದ್ದಿತು. ಅದು ಟೆನ್ ಆಗಿ ತೀರಿಕೊಂಡರು. ಅವರ ಗಂಡ ಕುನಾಲ್ ಸಹಾ ಸ್ವತಃ ಡಾಕ್ಟರ್. ನಿಧಾನವಾಗಿ ಬಹಳ ದಿನ ಕೆಲಸ ಮಾಡುವ ಸ್ಟಿರಾಯ್ಡ್ ಇಂಜೆಕ್ಷನ್ನನ್ನು ದಿನಕ್ಕೆ ಎರಡು ಸಲ ಬರೆದಿದ್ದು ಯಾಕೆ ಅಂತ ಅವರು ವರ್ಷಗಟ್ಟಲೆ ಕೋರ್ಟಿನಲ್ಲಿ ಹೋರಾಡಿದರು. 2009ರಲ್ಲಿ ಸುಪ್ರೀಂ ಕೋರ್ಟ್ ಅದು ನಿರ್ಲಕ್ಷ್ಯ ಅಂದಿತು. 2013ರಲ್ಲಿ ಸುಮಾರು 6 ಕೋಟಿ ರೂಪಾಯಿ ಪರಿಹಾರ ಕೊಡಿಸಿತು. ಹದಿನೈದು ವರ್ಷ! ಅಷ್ಟು ಓದಿದವರಿಗೇ ಇಷ್ಟು ಕಷ್ಟ ಆದರೆ ನಮ್ಮ ಚಿಕ್ಕಮ್ಮನಂಥವರು ಯಾರ ಹತ್ತಿರ ಹೋಗಬೇಕು?

ತಡೆಯೋಕೆ ದಾರಿ ಇದೆ ಅನ್ನೋದೇ ನನಗೆ ಜಾಸ್ತಿ ಸಂಕಟ. ಕಾರ್ಬಮಾಜೆಪಿನ್ ಯಾರಿಗೆ ಹೀಗೆ ಮಾಡುತ್ತೆ ಅನ್ನೋದಕ್ಕೆ ಒಂದು ಜೀನ್ ಗುರುತು ಇದೆ ಅಂತ 2004ರಲ್ಲಿ ತೈವಾನ್‌ನವರು ಕಂಡುಹಿಡಿದರು. ಆಮೇಲೆ ಅಲ್ಲಿನ 23 ಆಸ್ಪತ್ರೆಗಳಲ್ಲಿ ಹೆಚ್ಚುಕಡಿಮೆ ಐದು ಸಾವಿರ ಜನರಿಗೆ ಮೊದಲೇ ಟೆಸ್ಟ್ ಮಾಡಿದರು. ಗುರುತು ಇದ್ದವರಿಗೆ ಬೇರೆ ಔಷಧಿ ಕೊಟ್ಟರು. ಅಷ್ಟು ಜನರಲ್ಲಿ ಒಬ್ಬರಿಗೂ ಈ ಕಾಯಿಲೆ ಬರಲಿಲ್ಲ. ಎಲ್ಲ ಔಷಧಿಗೂ ಇಂಥ ಟೆಸ್ಟ್ ಇಲ್ಲ, ನಿಜ. ಆದರೆ "ಗುಳ್ಳೆ ಬಂದರೆ ನಿಲ್ಲಿಸಿ ಕೂಡಲೇ ಬನ್ನಿ" ಅಂತ ಚೀಟಿಯ ಮೇಲೆ ಕನ್ನಡದಲ್ಲಿ ಒಂದು ಸಾಲು ಬರೆಯೋಕೆ ಯಾವ ಲ್ಯಾಬ್ ಬೇಕು? ಒಪಿಡಿಯಲ್ಲಿ ಎಷ್ಟೇ ರಶ್ ಇರಲಿ, ಅಷ್ಟು ಹೇಳಲೇಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ನಮ್ಮ ಹುಡುಗಿ ಉಳಿದಳು. ಚರ್ಮ ಮತ್ತೆ ಬಂತು, ಅಲ್ಲಲ್ಲಿ ಬಿಳಿ ಕಪ್ಪು ಕಲೆ ಉಳಿದಿದೆ. ಕಣ್ಣೇ ಕಷ್ಟ. ನೀರು ಒಣಗಿದೆ, ರೆಪ್ಪೆಗೂದಲು ಒಳಕ್ಕೆ ತಿರುಗಿ ಚುಚ್ಚುತ್ತವೆ. ಬಿಸಿಲಿಗೆ ಹೋಗೋಕಾಗಲ್ಲ, ಗಂಟೆಗೊಮ್ಮೆ ಡ್ರಾಪ್ಸ್ ಬೇಕು. ತುಟಿಯ ಒಳಗಿನ ಪದರ ತೆಗೆದು ರೆಪ್ಪೆಯ ಅಂಚಿಗೆ ಕಸಿ ಮಾಡುವ ಆಪರೇಷನ್ ಹೈದರಾಬಾದಿನ ಎಲ್ ವಿ ಪ್ರಸಾದ್ ಕಣ್ಣಿನ ಸಂಸ್ಥೆಯಲ್ಲಿ ಮಾಡುತ್ತಾರೆ. ಇಂಥವರು ಮನೆಯಲ್ಲಿದ್ದರೆ ಕಣ್ಣಿನ ಡಾಕ್ಟರ್ ಹತ್ತಿರ ಇದರ ಬಗ್ಗೆ ಕೇಳಿ. ಮೈ ವಾಸಿಯಾಯಿತು ಅಂತ ಕಣ್ಣನ್ನು ಮರೆಯಬೇಡಿ.

ಅವಳ ಪರ್ಸಿನಲ್ಲಿ ಈಗ ಒಂದು ಕಾರ್ಡ್ ಇರುತ್ತೆ. ಯಾವ ಔಷಧಿ ಆಗಲ್ಲ, ಅದೇ ಜಾತಿಯ ಇನ್ಯಾವುವು ಕೊಡಬಾರದು ಅಂತ ಡಾಕ್ಟರೇ ಬರೆದುಕೊಟ್ಟಿದ್ದು. ಹಲ್ಲು ಕೀಳಿಸೋಕೆ ಹೋದರೂ ಮೊದಲು ಅದನ್ನೇ ತೋರಿಸುತ್ತಾಳೆ.

ಈ ಪೋಸ್ಟ್ ಓದುವವರಲ್ಲಿ ಮೆಡಿಕಲ್ ಶಾಪ್ ಇಟ್ಟವರಿದ್ದರೆ ಒಂದು ವಿನಂತಿ. ಸ್ಟ್ರಿಪ್ ಕತ್ತರಿಸಿ ಕೊಡುವಾಗ ಮಾತ್ರೆಯ ಹೆಸರನ್ನೂ ಕವರ್ ಮೇಲೆ ಬರೆದುಬಿಡಿ. ಇನ್ನು ಯಾರಿಗಾದರೂ ಮಾತ್ರೆಯಿಂದ ಇಂಥ ತೊಂದರೆ ಆಗಿದ್ದರೆ ಕೇಂದ್ರ ಸರ್ಕಾರದ ಔಷಧ ಸುರಕ್ಷತೆಯ ಸಹಾಯವಾಣಿಗೆ ತಿಳಿಸಬಹುದು: 1800-180-3024. ಡಾಕ್ಟರೇ ಮಾಡಬೇಕು ಅಂತಿಲ್ಲ, ಮನೆಯವರೂ ಫೋನ್ ಮಾಡಬಹುದು, ದುಡ್ಡು ಬೀಳೋದಿಲ್ಲ. ಮಾತ್ರೆಯ ಹೆಸರು, ಯಾವತ್ತು ಶುರು ಮಾಡಿದ್ದು, ಗುಳ್ಳೆ ಯಾವತ್ತು ಬಂದಿದ್ದು, ಇಷ್ಟನ್ನು ಬರೆದಿಟ್ಟುಕೊಂಡು ಮಾಡಿ.