ನಿಮಿಷಕ್ಕೆ ಎಷ್ಟು ಪದ, ಪುಟ್ಟಿ?

ಕಳೆದ ತಿಂಗಳು ನಮ್ಮ ಶಾಲೆಗೆ ಸಾಹೇಬರು ಬಂದಿದ್ದರು. ಕೈಯಲ್ಲಿ ಮೊಬೈಲು, ಮೊಬೈಲಿನಲ್ಲಿ ಸ್ಟಾಪ್‌ವಾಚ್. ಮೂರನೇ ಕ್ಲಾಸಿನ ಪುಟ್ಟಿಯನ್ನು ಮುಂದೆ ಕರೆದು "ಓದಮ್ಮ" ಎಂದರು.

ಪುಟ್ಟಿ ಓದಿದಳು. "ಅಜ್ಜಿ... ಸಂತೆಗೆ... ಹೋಗ... ಬೇಕಾ... ಗಿತ್ತ... ಲ್ಲವೇ?" ಆಮೇಲೆ ತಲೆಯೆತ್ತಿ, "ಮತ್ತೆ ಯಾಕೆ ಹೋಗ್ಲಿಲ್ಲ ಸಾರ್?" ಎಂದು ಕೇಳಿದಳು.

ಸಾಹೇಬರು ಸ್ಟಾಪ್‌ವಾಚ್ ನೋಡಿದರು. "ಮೂರೇ ಪದ. ಪ್ರಶ್ನೆ ಕೇಳಿ ಬೇರೆ ಐದು ಸೆಕೆಂಡು ಹಾಳು ಮಾಡಿದಳು" ಎಂದರು.

ವಿಷಯ ಇಷ್ಟೇ. ಮೂರನೇ ಕ್ಲಾಸಿನ ಮಗು ನಿಮಿಷಕ್ಕೆ ಕನಿಷ್ಠ 60 ಪದ ಓದಬೇಕು. ಇದು 2021ರ ಜುಲೈ 5ರಂದು ಶುರುವಾದ ಕೇಂದ್ರ ಸರ್ಕಾರದ ನಿಪುಣ್ ಭಾರತ್ ಯೋಜನೆಯ ಗುರಿ. ಯೋಜನೆಯ ಪೂರ್ತಿ ಹೆಸರಿನಲ್ಲಿ ಅರ್ಥ ಮಾಡಿಕೊಂಡು ಓದಬೇಕು ಎಂಬ ಮಾತೂ ಇದೆ. ಆದರೆ ಅರ್ಥವನ್ನು ಸ್ಟಾಪ್‌ವಾಚಿನಲ್ಲಿ ಹಿಡಿಯೋಕೆ ಆಗಲ್ಲ ನೋಡಿ. ಅದಕ್ಕೇ ಅದು ಹೆಸರಿನಲ್ಲೇ ಉಳಿಯಿತು.

ಈಗ ಪುಟ್ಟಿ ತಡವರಿಸಿದ ಆ ಪದವನ್ನೇ ತಗೊಳ್ಳಿ. ಹೋಗಬೇಕಾಗಿತ್ತಲ್ಲವೇ. ಹಿಂದಿಯ ಹುಡುಗ ಇದನ್ನೇ "ಜಾನಾ ಚಾಹಿಯೇ ಥಾ ನಾ" ಎಂದು ಓದಿದರೆ ಅವನ ಖಾತೆಗೆ ನಾಲ್ಕು ಪದ. ನಮ್ಮ ಪುಟ್ಟಿಗೆ ಒಂದು. ಒಂದೇ ಸೀಟಿನಲ್ಲಿ ಐದು ಜನ ಒತ್ತಿಕೊಂಡು ಕೂರುವುದು ನಮ್ಮ ಭಾಷೆಯ ಹಳೇ ಅಭ್ಯಾಸ. ಸಾಹೇಬರು ಸೀಟು ಎಣಿಸುತ್ತಾರೆ, ತಲೆ ಎಣಿಸುವುದಿಲ್ಲ. ಎಣಿಸಿ ಮುಗಿಸಿ, ಬಸ್ಸು ಖಾಲಿ ಓಡುತ್ತಿದೆ ಎಂದು ವರದಿ ಬರೆಯುತ್ತಾರೆ.

ಇದಕ್ಕೊಂದು ಸುಲಭದ ದಾರಿ ನನಗೆ ಹೊಳೆದಿದೆ. ಸರ್ಕಾರ ಒಂದು ಆದೇಶ ಹೊರಡಿಸಿ ಸಂಧಿಯನ್ನೇ ರದ್ದು ಮಾಡಲಿ. "ಹೋಗ ಬೇಕು ಆಗಿ ಇತ್ತು ಅಲ್ಲವೇ." ಐದು ಪದ! ಮಗು ಹೊಸದಾಗಿ ಏನೂ ಕಲಿಯಬೇಕಿಲ್ಲ. ಮೇಷ್ಟ್ರು ಏನೂ ಕಲಿಸಬೇಕಿಲ್ಲ. ರಾತ್ರೋರಾತ್ರಿ ಇಡೀ ತಾಲೂಕು ಹಿಂದಿಯವರನ್ನು ಹಿಂದೆ ಹಾಕುತ್ತದೆ.

ಭಾಷೆಗೊಂದು ಅಳತೆ ಬೇಕು ಅಂತ ದೆಹಲಿಗೆ ಗೊತ್ತಿಲ್ಲವೇ? ಗೊತ್ತಿದೆ. 2022ರಲ್ಲಿ ಕೇಂದ್ರದ ಶಿಕ್ಷಣ ಸಂಸ್ಥೆ ಎನ್‌ಸಿಇಆರ್‌ಟಿ 20 ಭಾಷೆಗಳಲ್ಲಿ ಮಕ್ಕಳ ಓದನ್ನು ಪರೀಕ್ಷಿಸಿ, ಒಂದೊಂದು ಭಾಷೆಗೂ ಅದರದೇ ಅಳತೆ ಹಾಕಿತು. ನಮ್ಮ ಸಾಹೇಬರ ನಮೂನೆಯಲ್ಲಿ ಮಾತ್ರ 60 ಇನ್ನೂ ಭದ್ರವಾಗಿ ಕೂತಿದೆ. ನಮೂನೆ ಅಚ್ಚಾಗಿಬಿಟ್ಟಿದೆಯಂತೆ.

ಇನ್ನು ಅಕ್ಷರದ ಕಥೆ. ಕನ್ನಡ ಮಕ್ಕಳು ಅಕ್ಷರ ಹೇಗೆ ಕಲಿಯುತ್ತಾರೆ ಎಂಬುದನ್ನು ಸಂಶೋಧಕಿ ಸೊನಾಲಿ ನಾಗ್ ಕೂತು ನೋಡಿದ್ದಾರೆ. ಇಂಗ್ಲಿಷಿನ 26 ಅಕ್ಷರದ ಹಾಗೆ ಇದು ಒಂದು ವರ್ಷದಲ್ಲಿ ಮುಗಿಯುವ ಬಾಬತ್ತಲ್ಲ, ನಾಲ್ಕನೇ ಕ್ಲಾಸಿಗೆ ಬಂದರೂ ಮಕ್ಕಳು ಅಕ್ಷರ ಕಲಿಯುತ್ತಲೇ ಇರುತ್ತಾರೆ ಎಂದು 2007ರಲ್ಲೇ ಬರೆದರು. ಕಲಿಯದೆ ಇನ್ನೇನು? 34 ವ್ಯಂಜನಕ್ಕೆ 15 ರೂಪದ ಕಾಗುಣಿತ ಅಂದರೆ ಅಲ್ಲಿಗೇ 510. ಅದರ ಕಾಲಡಿಗೆ ಒತ್ತು. ಸ್ತ್ರೀ ಅಂತ ಬರೆದರೆ ಒಂದೇ ಅಕ್ಷರದಲ್ಲಿ ಮೂರು ವ್ಯಂಜನ, ಮೇಲೊಂದು ದೀರ್ಘ. ಅರ್ಕಾವತ್ತು ಬಂದರಂತೂ ಬಾಯಲ್ಲಿ ಮೊದಲು ಬರುವ ರಕಾರ ಬರಹದಲ್ಲಿ ಕೊನೆಗೆ ಬಂದು ನಿಲ್ಲುತ್ತದೆ. ಸರ್ಕಾರ ಎಂಬ ಪದದಲ್ಲೇ ನೋಡಿ, ಮೊದಲು ಆಗಬೇಕಾದ್ದು ಕೊನೆಗೆ ಕಾಣಿಸಿಕೊಳ್ಳುತ್ತದೆ.

ಆ ಲೇಖನ ಬರೆದದ್ದು ಇಂಗ್ಲಿಷಿನಲ್ಲಿ. ಅಚ್ಚಾದದ್ದು ಇಂಗ್ಲೆಂಡಿನ ಪತ್ರಿಕೆಯಲ್ಲಿ. ಕನ್ನಡದ ಮಗು ಕನ್ನಡ ಓದುವ ವಿಚಾರ ಕನ್ನಡ ಮೇಷ್ಟ್ರನ್ನು ಬಿಟ್ಟು ಊರಿಗೆಲ್ಲ ಗೊತ್ತಾಯಿತು.

ಇಂಥ ಮಾತು ನಮ್ಮ ಹಳ್ಳಿ ತಲುಪಬೇಕಾದರೆ ರಾಜ್ಯದಿಂದ ಜಿಲ್ಲೆಯ ಶಿಕ್ಷಕರ ತರಬೇತಿ ಸಂಸ್ಥೆ ಡಯಟ್, ಡಯಟ್‌ನಿಂದ ತಾಲೂಕಿನ ಬಿಆರ್‌ಸಿ, ಅಲ್ಲಿಂದ ಅಕ್ಕಪಕ್ಕದ ಶಾಲೆಗಳ ಕ್ಲಸ್ಟರ್ ಇಳಿದು ಬರಬೇಕು. ದಾರಿಯಲ್ಲಿ ಪ್ರತಿ ಮನೆಯವರೂ ಹಾಲಿಗೆ ಒಂದೊಂದು ಚೊಂಬು ನೀರು ಸೇರಿಸುತ್ತಾರೆ. ಮೇಲೆ ಐದು ದಿನ ಇದ್ದ ತರಬೇತಿ ನಮ್ಮಲ್ಲಿಗೆ ಬರುವಾಗ ಅರ್ಧ ದಿನ. ಅದರಲ್ಲೂ ಊಟ, ಗ್ರೂಪ್ ಫೋಟೋ ಸೇರಿತು. ಕೊನೆಗೆ ಏನಾಯಿತು ಅಂದರೆ, ಒತ್ತಕ್ಷರಕ್ಕೆ ಸಮಯ ಕೊಡಿ ಎಂದು ಹೊರಟ ಮಾತು, ಓದಿಗೆ ಒತ್ತು ಕೊಡಿ ಎಂದು ಬಂದು ತಲುಪಿತು. ನಾವೂ ಕೊಟ್ಟೆವು. ಗೋಡೆ ಮೇಲೆ ದಪ್ಪಕ್ಷರದಲ್ಲಿ ಬರೆಸಿದೆವು.

ಎಲ್ಲವೂ ಹೀಗೇ ಅಂದರೆ ತಪ್ಪಾದೀತು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿಕಲಿ ಎಂಬ ಕಲಿಕೆಯ ಪದ್ಧತಿ ಮೇಷ್ಟ್ರುಗಳೇ ಕೂತು ಕಟ್ಟಿದ್ದು. ಅ ಆ ಇ ಈ ಬದಲು ರ ಗ ಸ ದ ಅ. ಐದು ಅಕ್ಷರ ಬಂದರೆ ಸರ, ಅರಸ, ಗರಗಸ ಓದಬಹುದು. ಎಷ್ಟು ಚೆಂದದ ಬುದ್ಧಿ, ಅಲ್ವಾ? "ಮೇಷ್ಟ್ರೇ, ನಮ್ ಹುಡುಗಂಗೆ ಅಆಇಈ ಹೇಳೋಕೆ ಬರಲ್ಲ, ಸುಮ್ನೆ ಗರಗಸ ಗರಗಸ ಅಂತಾನೆ" ಎಂದು ತಂದೆಯೊಬ್ಬರು ಜಗಳಕ್ಕೆ ಬಂದಿದ್ದರು. ಅವರನ್ನು ಒಪ್ಪಿಸುವುದು ಸುಲಭವಾಯಿತು. ಹುಡುಗನ ಕೈಗೆ ಪುಸ್ತಕ ಕೊಟ್ಟೆ, ಓದಿ ತೋರಿಸಿದ. ಸಾಹೇಬರ ಜೊತೆ ಈ ಉಪಾಯ ನಡೆಯುವುದಿಲ್ಲ.

ಮತ್ತೆ, ಹಳ್ಳಿ ಮಕ್ಕಳ ಓದು, ಲೆಕ್ಕ ಅಳೆಯುವ ಅಸರ್ ಸಮೀಕ್ಷೆಯ ವರದಿ ಬರುತ್ತದೆ. 2024ರದ್ದರಲ್ಲಿ ದೇಶದ ಹಳ್ಳಿಗಾಡಿನ ಐದನೇ ಕ್ಲಾಸಿನ ಮಕ್ಕಳ ಪೈಕಿ ಎರಡನೇ ಕ್ಲಾಸಿನ ಪಾಠ ಓದಬಲ್ಲವರು ಶೇ 48.8. ಅಂಕಿ ಬಂದ ಕೂಡಲೇ ಮೇಲಿನವರಿಗೆ ಗಾಬರಿ, ಗಾಬರಿಯಿಂದ ಸುತ್ತೋಲೆ, ಸುತ್ತೋಲೆಯಿಂದ ತರಬೇತಿ.

ಈ ಸಲದ ತರಬೇತಿ ಹೋದ ಶನಿವಾರ ಇತ್ತು. ವಿಷಯ: ಮಕ್ಕಳಿಗೆ ಓದಿನ ರುಚಿ ಹತ್ತಿಸುವುದು. ಅದೇ ಸಾಹೇಬರು ಮೈಕ್ ಹಿಡಿದು, ಪರದೆ ಮೇಲಿದ್ದ ಸುತ್ತೋಲೆಯನ್ನು ಅಕ್ಷರ ಬಿಡದೆ ಓದತೊಡಗಿದರು. "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಓದುವಿಕೆಯ ಬಲವರ್ಧನಾ ಕಾರ್ಯಕ್ರಮವನ್ನು ಅನುಷ್ಠಾನಗೊಳಿಸಿ ಅನುಪಾಲನಾ ವರದಿಯನ್ನು..." ಅನುಪಾಲನಾದ ಹತ್ತಿರ ಎಡವಿದರು. ಕನ್ನಡಕ ಸರಿ ಮಾಡಿಕೊಂಡು ಮತ್ತೆ ಮೊದಲಿಂದ ಹಿಡಿದರು.

ನನ್ನ ಮೊಬೈಲಿನಲ್ಲೂ ಸ್ಟಾಪ್‌ವಾಚ್ ಇದೆ. ಒತ್ತಿದೆ. ಸರಿಯಾಗಿ ಒಂದು ನಿಮಿಷಕ್ಕೆ 43 ಪದ. ಮೂರನೇ ಕ್ಲಾಸಿಗೆ 17 ಕಡಿಮೆ.

ಬ್ಯಾಗಿನಲ್ಲಿ ನಮೂನೆ ಇತ್ತು. ತೆಗೆದೆ. 'ವಿಶೇಷ ಗಮನ ಬೇಕಾದವರು' ಕಾಲಂನಲ್ಲಿ ಪುಟ್ಟಿಯ ಕೆಳಗೆ ಒಂದು ಸಾಲು ಖಾಲಿ ಉಳಿದಿತ್ತು. ಪಕ್ಕದಲ್ಲಿ ಕೂತಿದ್ದ ಮೇಡಂ ಅವರನ್ನು ಮೆಲ್ಲಗೆ ಕೇಳಿದೆ, "ಸಾಹೇಬರ ಇನಿಷಿಯಲ್ ಏನು ಮೇಡಂ?"